ಹರಿಗೋಲಿನಿಂದ ಕಾಣೆಯಾದವರು

ನದಿದಡದ ಮಠದ ಕಣ್ಣಾಸ್ಪತ್ರೆಯಲ್ಲಿ ಮಹಾಂತಯ್ಯನವರು ಕಣ್ಣಿನ ರೋಗಿಗಳನ್ನು ನೋಡುತ್ತಿದ್ದರು. ವೈದ್ಯೆ ನಿರಂಜನಿ ಅವರಲ್ಲಿ ಕಲಿಯಲು ಬಂದಿದ್ದಳು.

ಒಂದು ಬೆಳಿಗ್ಗೆ ಅಂಬಿಗ ಹುಲಿಗೆಪ್ಪ ತಾಯಿತ ಕೇಳಿಕೊಂಡು ಬಂದ.

"ಹರಿಗೋಲಿಗೆ ನಾಲ್ವರು ಹತ್ತತಾರ್ರಿ. ನಡುಹೊಳ್ಯಾಗ ಮೂವರೇ ಇರತಾರ. ದಡ ಮುಟ್ಟಿದರೆ ಮತ್ತ ನಾಲ್ವರು."

ನಿರಂಜನಿ ಅವನ ಕಣ್ಣು ಪರೀಕ್ಷಿಸಿದಳು. ಅಕ್ಷರದ ಹಲಗೆಯ ಕಟ್ಟಕಡೆಯ ಸಾಲನ್ನೂ ಅವನು ಸರಾಗವಾಗಿ ಓದಿದ.

"ದೃಷ್ಟಿ ಚೆನ್ನಾಗಿದೆ, ಗುರುಗಳೇ. ಇದು ಬರೀ ಭಯ."

ಮಹಾಂತಯ್ಯ ಸದ್ದಿಲ್ಲದೆ ಅವನ ಎಡಪಕ್ಕಕ್ಕೆ ಹೋಗಿ, ತೆರೆದ ಬಾಗಿಲಲ್ಲಿ ನಿಂತರು.

"ನೇರ ನೋಡು ಹುಲಿಗೆಪ್ಪ. ನಿನ್ನ ಎಡಕ್ಕೆ ಏನಿದೆ?"

"ಗ್ವಾಡಿ ಐತ್ರಿ. ಬಿಳೇ ಗ್ವಾಡಿ."

ಅಲ್ಲಿ ಗೋಡೆಯೇ ಇರಲಿಲ್ಲ. ಬಾಗಿಲಿತ್ತು, ಗುರುವಿದ್ದರು, ಅವರ ಹಿಂದೆ ಹೊಳೆ ಹೊಳೆಯುತ್ತಿತ್ತು.

ಹುಲಿಗೆಪ್ಪ ತಲೆ ತಿರುಗಿಸಿ ಬೆಚ್ಚಿಬಿದ್ದ.

"ಯಾವಾಗ ಬಂದ್ರಿ?"

"ಆಗಿನಿಂದ ಇಲ್ಲೇ ಇದ್ದೇನೆ."

ಕಣ್ಣು ಪರೀಕ್ಷಿಸುವ ಯಂತ್ರದ ಪಟ್ಟಿಗೆ ಅವನ ಗದ್ದ ಊರಿಸಿ ನೋಡಿದಾಗ ತಿಳಿಯಿತು. ಎರಡೂ ಕಣ್ಣುಗಳಲ್ಲಿ ಒತ್ತಡ ಏರಿತ್ತು, ಸದ್ದಿಲ್ಲದೆ ನರ ಸವೆಸುವ ಗ್ಲಾಕೋಮಾ. ಎಡಗಣ್ಣಿನ ಬದಿಯ ನೋಟ ಹೋಗಿಬಿಟ್ಟಿತ್ತು. ಬಲಗಣ್ಣಿನ ನರ ಈಗಷ್ಟೇ ಸವೆಯತೊಡಗಿತ್ತು.

"ಕತ್ತಲೆ ಕಾಣಲಿಲ್ಲವಲ್ಲ ಅವನಿಗೆ!" ಎಂದಳು ನಿರಂಜನಿ.

"ಕತ್ತಲೆ ಕಂಡಿದ್ದರೆ ಅಂದೇ ಓಡಿಬರುತ್ತಿದ್ದ. ಕಾಣದ ಜಾಗವನ್ನು ಮನಸ್ಸು ಗೋಡೆ ಕಟ್ಟಿ ಮುಚ್ಚುತ್ತದೆ."

"ಎಡಗಣ್ಣಿಗೆ ಚಿಕಿತ್ಸೆ ಸರಿ. ಬಲಗಣ್ಣು ಇನ್ನೂ ಕಾಣುತ್ತಿದೆ. ಕೆಟ್ಟ ಮೇಲೆ ಶಸ್ತ್ರಚಿಕಿತ್ಸೆ ಮಾಡಬಹುದಲ್ಲ?"

"ಕೆಟ್ಟದ್ದು ಯಾರಿಗೆ ಗೊತ್ತಾಗಬೇಕು?"



ಅದೇ ದಿನ ಎರಡೂ ಕಣ್ಣಿಗೆ ಲೇಸರ್ ಮಾಡಿದರು. ಕತ್ತಿಯಿಲ್ಲ, ಹೊಲಿಗೆಯಿಲ್ಲ. ಕಣ್ಣೊಳಗಿನ ನೀರು ಹರಿದುಹೋಗುವ ಜಾಲರಿಗೆ ಬೆಳಕಿನ ಸಣ್ಣ ಸಣ್ಣ ತಟ್ಟು, ಅಷ್ಟೇ. ಕೆಲವು ವಾರಗಳಲ್ಲಿ ಒತ್ತಡ ಇಳಿಯಿತು.

"ಹೋದದ್ದು ಬರತೈತೇನ್ರಿ?" ಮತ್ತೆ ತೋರಿಸಲು ಬಂದಾಗ ಕೇಳಿದ ಹುಲಿಗೆಪ್ಪ.

"ಇಲ್ಲಪ್ಪ. ಇದ್ದದ್ದನ್ನು ಕಾಯ್ದುಕೊಳ್ಳಬಹುದು. ಆಗಾಗ ಬಂದು ತೋರಿಸು. ಹುಟ್ಟು ಹಾಕುವಾಗ ತಲೆ ತಿರುಗಿಸಿ ನೋಡು."

ಅವನು ಕೈಮುಗಿದು ಹೋದ. ನಿರಂಜನಿ ಮಾತ್ರ ನಿಂತೇ ಇದ್ದಳು.

"ಏನು?"

"ನಮ್ಮಮ್ಮ ಪಕ್ಕದಲ್ಲಿ ಕೂತವರನ್ನು ಗಮನಿಸುತ್ತಲೇ ಇರಲಿಲ್ಲ. ಮುಪ್ಪಿನ ಮರೆವು ಅಂದುಕೊಂಡಿದ್ದೆವು. ಕೊನೆಗೆ ಪೂರ್ತಿ ಕುರುಡಾದಳು." ಅವಳ ದನಿ ತಗ್ಗಿತು. "ಇದು ಮಕ್ಕಳಿಗೂ ಬರುವ ರೋಗ. ಆದರೆ ನನಗೇನೂ ತೊಂದರೆಯಿಲ್ಲ, ಗುರುಗಳೇ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ."

ಮಹಾಂತಯ್ಯ ಹತ್ತಿಯಿಂದ ಯಂತ್ರದ ಪಟ್ಟಿಯನ್ನು ಒರೆಸಿ, ಕುರ್ಚಿ ಎಳೆದರು.

"ಗದ್ದ ಇಲ್ಲಿಡು."