ಕಡಜವ್ವನ ಕಾಗದದ ಮನೆ

ಲೋಕ ಆಗಿನ್ನೂ ಹೊಸದು, ಬೆಟ್ಟಗಳ ಹಸಿಯೂ ಆರಿರಲಿಲ್ಲ. ಕಡಜವ್ವ ಎಲ್ಲ ಹುಳುಗಳ ಹಾಗೆ ಮಣ್ಣಿನಲ್ಲೇ ಮನೆ ಕಟ್ಟಿದಳು. ಕೊಂಬೆಗೆ ಗಟ್ಟಿಯಾಗಿ ಮೆತ್ತಿ, ಒಳಗೆ ಮೊಟ್ಟೆ ಇಟ್ಟು, ಹೊಟ್ಟೆಪಾಡಿಗೆ ಹೋದಳು.

ತಿರುಗಿ ಬಂದಾಗ ಮನೆ ಇತ್ತು, ಮೊಟ್ಟೆ ಇರಲಿಲ್ಲ. ಇರುವೆಗಳ ಸಾಲೊಂದು ಕೊಂಬೆ ಇಳಿದು ಹೋಗುತ್ತಿತ್ತು. ಅವಳು ಇನ್ನಷ್ಟು ಮಣ್ಣು ತಂದು ಇನ್ನೂ ದಪ್ಪಗೆ ಮೆತ್ತಿದಳು. ಎರಡನೆಯ ಸಲವೂ ಇರುವೆ ಬಂತು. ಮೂರನೆಯ ಸಲವೂ ಬಂತು. ಕಡಜವ್ವ ಕೂತು ಅತ್ತಳು.

ಗಾಳಿಯಣ್ಣನಿಗೆ ಊರ ಉಸಾಬರಿ ಹೆಚ್ಚು. ಅವನು ಬಂದು ನೋಡಿದ.

"ಅಲ್ಲ ತಂಗೀ, ಮನೆಯನ್ನ ಕೊಂಬೆ ಉದ್ದಕ್ಕೂ ಅಂಟಿಸಿ ಇರುವೆಗೆ ರಾಜಬೀದಿ ಮಾಡಿಕೊಟ್ಟಿದ್ದೀಯಲ್ಲ. ಒಂದೇ ಒಂದು ತೊಟ್ಟಿನಲ್ಲಿ ತೂಗುಹಾಕು. ಆ ತೊಟ್ಟು ಕಾದರೆ ಸಾಕು."

ಮಾವಿನಕಾಯಿಯ ತೊಟ್ಟು ನೋಡಿಕೊಂಡು ಅವಳು ಮಣ್ಣಿನ ಮನೆ ತೂಗುಹಾಕಿದಳು. ಸಂಜೆಯೊಳಗೆ ಅದು ದೊಪ್ಪೆಂದು ಬಿತ್ತು. ಹಗುರವೂ ಇರಬೇಕು, ಗಟ್ಟಿಯೂ ಇರಬೇಕು, ಅಂಥದ್ದು ಎಲ್ಲಿ ಸಿಗಬೇಕು? ಮತ್ತೆ ಮೊಟ್ಟೆ ಇಡುವ ದಿನ ಹತ್ತಿರವಾಗುತ್ತಿತ್ತು.

ಹಸಿರು ಮರಗಳನ್ನು ಕೇಳಿದಳು. ತೇಗ ತನಗೆ ನೋಯುತ್ತದೆ ಎಂದಿತು. ಬೇವು ತಾನು ಕಹಿ ಎಂದಿತು. ಆಲಕ್ಕೆ ಮಾತಾಡಲು ಪುರಸೊತ್ತೇ ಇರಲಿಲ್ಲ. ಕೊನೆಗೆ ಬಿಸಿಲಿಗೆ, ಮಳೆಗೆ ಬೂದಿ ಬಣ್ಣಕ್ಕೆ ತಿರುಗಿದ್ದ ಸತ್ತ ಹೊನ್ನೆ ಮರವೊಂದು ತಾನೇ ಕರೆಯಿತು.

"ತಗೋ ಮಗಳೇ. ನನ್ನಲ್ಲಿ ಎಲೆ ಚಿಗುರೋದಿಲ್ಲ, ಹಕ್ಕಿ ಕೂರೋದಿಲ್ಲ. ನನ್ನ ನಾರು ನಿನ್ನ ಮಕ್ಕಳಿಗಾದರೂ ಆಗಲಿ."

ಕಡಜವ್ವ ನಾರು ಕೆರೆದಳು, ಅಗಿದಳು, ಎಂಜಲು ಬೆರೆಸಿ ಮುದ್ದೆ ಮಾಡಿದಳು, ಮುದ್ದೆಯನ್ನು ತೆಳ್ಳಗೆ ಎಳೆದಳು. ಗಾಳಿಯಣ್ಣ ಊದಿ ಒಣಗಿಸಿದ. ಅದೇ ಲೋಕದ ಮೊದಲ ಕಾಗದ. ಮನುಷ್ಯರು ನಾರು ನೆನೆಸಿ, ಜಜ್ಜಿ, ಹಾಳೆ ಹರಡಿ ಬಿಸಿಲಿಗಿಡಲು ಕಲಿತದ್ದು ಎಷ್ಟೋ ಕಾಲದ ಮೇಲೆ.

ಕಾಗದದ ಮನೆ ಒಂದೇ ತೊಟ್ಟಿನಲ್ಲಿ ತೂಗಿತು, ಬೀಳಲಿಲ್ಲ. ಇರುವೆಗಳು ಸಾಲುಗಟ್ಟಿ ಬಂದವು. ತೊಟ್ಟಿನ ಬುಡದಲ್ಲಿ ಕಡಜವ್ವ ಕೂತಿದ್ದಳು. ಕೊಂಡಿ ತೋರಿಸಿದಳು. ಆ ಸಲ ಮೊಟ್ಟೆಗಳೆಲ್ಲ ಮರಿಯಾದವು.

ಇವತ್ತಿಗೂ ಕಡಜ ಹಸಿ ಮರ ಬಿಟ್ಟು ಹಳೆಯ ಬಾಗಿಲನ್ನು, ಒಣಗಿದ ಬೇಲಿಗೂಟವನ್ನು ಕರಕರ ಕೆರೆಯುವುದು ಅದಕ್ಕೇ. ಸೂರಿನಡಿ ತೂಗುವ ಆ ಬೂದು ಗೂಡಿನ ಹತ್ತಿರ ಹೋದರೆ ನಿಮ್ಮನ್ನೂ ಚುಚ್ಚುತ್ತಾಳೆ. ಮೂರು ಸಲ ಮಕ್ಕಳನ್ನು ಕಳೆದುಕೊಂಡವಳಿಗೆ ಇರುವೆ ಯಾರು, ನೀವು ಯಾರು ಎಂದು ವಿಚಾರಿಸುವ ತಾಳ್ಮೆ ಉಳಿದಿಲ್ಲ.