ಹೋಳಿಗೆ ಹಂಚದೆ ಎದ್ದ ನಾಯಕ

“ನನ್ನ ಎದುರಿಗೆ ಸಾವಿನ ಮಾತೆತ್ತಿದವನ ಮೀಸೆ ಬೋಳಿಸಿಬಿಡ್ತೀನಿ” ಎಂದು ಕರಿಗುಡ್ಡದ ಪಾಳೆಯಗಾರ ಕಸ್ತೂರಿ ನಾಯಕ ತುಂಬಿದ ಸಭೆಯಲ್ಲಿ ಗುಡುಗಿದ. ಗುಡುಗಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದ. ನಾವೀಗ ಉಯಿಲು ಅನ್ನುತ್ತೇವಲ್ಲ, ಅಂಥದ್ದೊಂದನ್ನು ಬರೆಸಿಡಿ ಎಂದು ಸಲಹೆ ಕೊಟ್ಟ ಕರಣಿಕನ ಮೀಸೆಯನ್ನು ಅಲ್ಲೇ ತೆಗೆಸಿಬಿಟ್ಟ. ಪಾಪ, ಆ ಮುಖದಲ್ಲಿ ನೋಡುವಂಥದ್ದು ಅಂತ ಇದ್ದದ್ದು ಅದೊಂದೇ.

ನಾಯಕನಿಗೆ ವಯಸ್ಸಾಗಿತ್ತು, ಗಂಡುಮಕ್ಕಳಿರಲಿಲ್ಲ. ಇದ್ದವಳು ಒಬ್ಬಳೇ ಮಗಳು ಸಿರಿಯವ್ವ. ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಪಾಳೆಯದ ಕೆರೆ ಕಾಲುವೆಗಳನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ಜೊತೆಗೆ ನಾಯಕನ ತಮ್ಮನ ಮಕ್ಕಳು ಓಬಣ್ಣ, ಭರಮಣ್ಣ ಇದ್ದರು. ಅಪ್ಪಟ ಉಂಡಾಡಿ ಗುಂಡರು.

“ಬರೆಸೋದೇನಿದೆ? ಹುಡುಗರು ಚಿನ್ನದಂಥವರು. ಅಕ್ಕನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತಾರೆ” ಎನ್ನುತ್ತಿದ್ದ ನಾಯಕ.

ಆ ಚಿನ್ನದಂಥವರು ಲಾಯದಲ್ಲಿ ಮಾತಾಡಿಕೊಂಡದ್ದನ್ನು ಆಸ್ಥಾನದ ವಿದೂಷಕ ತಿಪ್ಪರಸ ಕಿವಿಯಾರೆ ಕೇಳಿದ್ದ. “ಮುದುಕನ್ನ ಮಣ್ಣು ಮಾಡಿದ ಮಾರನೇ ದಿನಾನೇ ಅಕ್ಕನ್ನ ಆಚೆ ಹಾಕೋದು. ಅವಳ ಕೋಣೇಲಿ ಕುದುರೆ ಜೀನು ಇಟ್ಟರಾಯ್ತು” ಎಂದಿದ್ದ ಓಬಣ್ಣ.

ತಿಪ್ಪರಸ ಇಕ್ಕಟ್ಟಿಗೆ ಸಿಕ್ಕಿದ. ಬಾಯಿ ಬಿಟ್ಟರೆ ಮೀಸೆ ಹೋಗುತ್ತದೆ, ಬಿಡದಿದ್ದರೆ ಆ ಹೆಣ್ಣುಮಗಳು ಬೀದಿಗೆ ಬೀಳುತ್ತಾಳೆ. ಮೀಸೆಯ ಮೇಲೆ ಅವನಿಗೂ ಬಹಳ ವ್ಯಾಮೋಹ. ಹಾಗಾಗಿ ಬಾಯಿ ಬಿಡದೆ ಸೀದಾ ಅಡುಗೆಮನೆಗೆ ಹೋದ.

ಕರಿಗುಡ್ಡದ ಅರಮನೆಯಲ್ಲಿ ಒಂದು ಪದ್ಧತಿ ಇತ್ತು. ಹಬ್ಬದೂಟದಲ್ಲಿ ಹೋಳಿಗೆಯನ್ನು ಅಡುಗೆಯವರು ಬಡಿಸುವಂತಿಲ್ಲ. ಹರಿವಾಣ ನಾಯಕನ ಮುಂದೆ ಬರಬೇಕು, ಯಾರಿಗೆ ಎಷ್ಟು ಎಂದು ಅವನೇ ಕೈಯಾರೆ ಹಂಚಬೇಕು. ಮೊದಲ ಹೋಳಿಗೆ ಯಾರ ಎಲೆಗೆ ಬೀಳುತ್ತದೋ ಅವನೇ ಮುಂದಿನ ನಾಯಕ ಎಂದು ಊರು ಆಡಿಕೊಳ್ಳುತ್ತಿತ್ತು. ಅಣ್ಣತಮ್ಮಂದಿರಿಗೆ ಪ್ರತಿ ಹಬ್ಬವೂ ಪರೀಕ್ಷೆಯೇ.

ಯುಗಾದಿಯ ದಿನ ಎಲ್ಲರೂ ಎಲೆಯ ಮುಂದೆ ಕೂತರು. ಹರಿವಾಣ ಬಂತು. ನಾಯಕ ಒಂದು ಹೋಳಿಗೆ ಎತ್ತಿಕೊಳ್ಳಲು ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು, ಮುಖ ಹುಳ್ಳಗಾಯಿತು. “ಚೊಂಬು” ಎಂದವನೇ ಪಂಚೆ ಎತ್ತಿ ಹಿಡಿದು ಹಿತ್ತಲಿಗೆ ಓಡಿದ. ಆ ಬೆಳಗ್ಗೆ ಅವನು ಕುಡಿದ ಗಂಜಿಯಲ್ಲಿ ತಿಪ್ಪರಸನ ದಯೆಯಿಂದ ಒಂದಿಷ್ಟು ಹರಳೆಣ್ಣೆ ಸೇರಿತ್ತು.

ನಾಯಕ ಹಗುರಾಗಿ ಹಿಂದಿರುಗಿದಾಗ ಪಂಕ್ತಿಯೇ ರಣರಂಗವಾಗಿತ್ತು. ಭರಮಣ್ಣನ ಜುಟ್ಟು ಓಬಣ್ಣನ ಕೈಯಲ್ಲಿ, ಹರಿವಾಣ ಇಬ್ಬರ ಕೈಯಲ್ಲೂ ಇತ್ತು.

“ದೊಡ್ಡಪ್ಪ ಕೈ ಚಾಚಿದ್ದು ನನ್ನ ಕಡೆಗೆ” ಎಂದು ಓಬಣ್ಣ ಅರಚುತ್ತಿದ್ದ.

“ಚೊಂಬು ತಂದುಕೊಟ್ಟೋನು ನಾನು. ಕೊನೇಲಿ ಸೇವೆ ಮಾಡಿದೋನಿಗೇ ಹಕ್ಕು” ಎಂದು ಭರಮಣ್ಣ ಜಗ್ಗುತ್ತಿದ್ದ.

ತುಪ್ಪದ ಗಿಂಡಿ ಉರುಳಿತ್ತು. ಸಿರಿಯವ್ವನ ಖಾಲಿ ಎಲೆಯನ್ನು ಯಾರೋ ತುಳಿದು ಹರಿದಿದ್ದರು. ನಾಯಕನ ಎಲೆಯ ಮೇಲಿದ್ದ ಚಿತ್ರಾನ್ನವೂ ಮಾಯವಾಗಿತ್ತು.

“ಏನ್ರೋ ಇದು? ನಾನೇನು ಸತ್ತುಹೋಗಿದ್ನೇನ್ರೋ?” ಎಂದು ನಾಯಕ ಅಬ್ಬರಿಸಿದ.

ತಿಪ್ಪರಸ ಮೀಸೆ ನೀವಿಕೊಂಡು ಎದ್ದು ನಿಂತ. “ಒಡೆಯಾ, ಆ ಮಾತು ಎತ್ತಿದ್ದು ತಾವು. ನಾನಲ್ಲ, ಎಲ್ಲರೂ ಸಾಕ್ಷಿ.”

“ಅದಿರಲಿ, ಮುಂದೆ ಹೇಳು.”

“ತಾವು ಹೋಗಿದ್ದು ಹಿತ್ತಲಿಗೆ. ವಾಪಸ್ ಬಂದ್ರಿ, ಗದರಿಸಿದ್ರಿ, ಜಗಳ ನಿಂತಿತು. ವಾಪಸ್ ಬಂದು ಗದರಿಸೋಕೆ ಆಗದೇ ಇರೋ ಕಡೆ ಹೊರಡೋ ಮುಂಚೆ, ಹೋಳಿಗೆ ಯಾರಿಗೆ ಅಂತ ಹೇಳಿ ಹೋಗೋದು ವಾಸಿ ಅಲ್ವಾ?”

ನಾಯಕ ಮಗಳತ್ತ ತಿರುಗಿದ. ಸಿರಿಯವ್ವ ಹರಿದ ಎಲೆಯನ್ನು ಮಡಚುತ್ತಿದ್ದಳು. “ನಂಗೇನೂ ಬೇಡ ಅಪ್ಪಾಜಿ. ನೀವು ಸುಸ್ತಾಗಿದ್ದೀರಿ, ಕೂತ್ಕೊಳ್ಳಿ, ಮಜ್ಜಿಗೆ ತರ್ತೀನಿ” ಎಂದಳು. ನಾಯಕನ ಕಣ್ಣು ತುಂಬಿತು. ಇಷ್ಟು ವರ್ಷ ತಾನೆಂಥ ಮೂಢ ಎಂದು ಅವನಿಗೆ ನಾಚಿಕೆಯಾಯಿತು.

ಆಗಲೇ ಕರಣಿಕನಿಗೆ ಕರೆ ಹೋಯಿತು. ಬೋಳು ಮೂತಿಯ ಕರಣಿಕ ಕೈಯಿಂದ ಬಾಯಿ ಮುಚ್ಚಿಕೊಂಡೇ ಬಂದ. ಪಾಳೆಯವೂ ಅರಮನೆಯೂ ಕೆರೆಯ ಕೆಳಗಿನ ಗದ್ದೆಯೂ ಸಿರಿಯವ್ವನಿಗೆ ಎಂದಾಯಿತು. ಅಣ್ಣತಮ್ಮಂದಿರಿಗೆ ಒಂದೊಂದು ಹೊಲ, ಉತ್ತರೆ ಊಟ, ಇಲ್ಲದಿದ್ದರೆ ಉಪವಾಸ. ಬರೆದದ್ದನ್ನು ಊರ ಹಿರಿಯರ ಮುಂದೆ ಓದಿಸಿ, ಏನೂ ಪಾಲಿಲ್ಲದವರಿಂದ ಸಾಕ್ಷಿ ಹಾಕಿಸಿದರು.

ಎಲ್ಲ ಮುಗಿದ ಮೇಲೆ ನಾಯಕ ತಿಪ್ಪರಸನನ್ನು ಓರೆಗಣ್ಣಿನಿಂದ ನೋಡಿದ. “ನನ್ನ ಹೊಟ್ಟೆ ಕೆಡಿಸಿದೋನು ಯಾರು ಅಂತ ನಂಗೆ ಗೊತ್ತು ಕಣಯ್ಯ. ಆದ್ರೂ ಉಪಕಾರ ಮಾಡಿದ್ದೀಯ. ಕರಣಿಕರೇ, ಇದನ್ನೂ ಸೇರಿಸಿ: ನನ್ನ ನಂತರ ಹೊಳೆದಂಡೆಯ ಮಾವಿನ ತೋಪು ತಿಪ್ಪರಸನಿಗೆ.”

ತಿಪ್ಪರಸ ಗಾಬರಿಯಾಗಿ ಕರಣಿಕನ ಕೈ ಹಿಡಿದ.

“ಬೇಡ ಒಡೆಯಾ. ಹಾಗೆ ಬರೆಸಿದ್ರೆ ನಾಳೆಯಿಂದ ನೀವು ಕೆಮ್ಮಿದಾಗೆಲ್ಲ ನಂಗೆ ಮಾವಿನಹಣ್ಣಿನ ವಾಸನೆ ಬರುತ್ತೆ. ಇವತ್ತೇ ಕೊಟ್ಟುಬಿಡಿ, ನೀವು ನೂರು ವರ್ಷ ಬಾಳ್ಬೇಕು ಅಂತ ಮನಸಾರೆ ಬೇಡ್ಕೋತೀನಿ.”