ಪರಬೀದಿಯ ಯುದ್ಧಕ್ಕೆ ಹೋದ ಬೂದ

ಭಗವಂತ ನಾಯಿಗೂ ಒಂದು ಬೀದಿ ಕೊಟ್ಟಿದ್ದಾನೆ. ಕುಂಬಾರ ಬೀದಿಯ ಬೂದನಿಗೆ ಅದು ಸಾಲದಾಯಿತು. ದೂರದ ಎಣ್ಣೆಪೇಟೆಯಲ್ಲಿ ಮೇಲಿನ ಕೇರಿಯ ನಾಯಿಗಳಿಗೂ ಕೆಳಗಿನ ಕೇರಿಯ ನಾಯಿಗಳಿಗೂ ಯುದ್ಧವೆಂದು ಕೇಳಿದ್ದೇ ತಡ, ಗೆಳೆಯರ ದಂಡು ಕಟ್ಟಿಕೊಂಡು ಹೊರಟ.

"ಯಾರ ಕಡೆಗೋ, ಮಗನೇ?" ಎಂದಳು ತಾಯಿ.

"ನ್ಯಾಯದ ಕಡೆಗವ್ವಾ."

"ನ್ಯಾಯ ಯಾರದು?"

"ಹೋಗಿ ಕಚ್ಚಿದ ಮೇಲೆ ತಿಳಿಯುತ್ತೆ."

ಪೇಟೆ ಮುಟ್ಟಿದವನೇ, "ಕೆಳಕೇರಿಯ ಬಂಧುಗಳೇ, ನಿಮಗಾಗಿ ಪ್ರಾಣ ಕೊಡಲು ಬಂದಿದ್ದೇವೆ!" ಎಂದು ಬೊಗಳಿದ. ಕಚ್ಚಾಡುತ್ತಿದ್ದ ನಾಯಿಗಳೆಲ್ಲ ಥಟ್ಟನೆ ನಿಂತು ಮೂಸಿದವು.

"ಪರಬೀದಿ ನಾಯಿಗಳು ಕಣ್ರೋ!" ಎಂದು ಮೊದಲು ಕೂಗಿದವನು ಕೆಳಕೇರಿಯ ಮುಖಂಡನೇ. ಎರಡೂ ಕೇರಿಯ ನಾಯಿಗಳು ಒಂದಾಗಿ ಇವರ ಮೇಲೆ ಬಿದ್ದವು. ಗೆಳೆಯರು ಯಾವ ದಿಕ್ಕಿಗೆ ಓಡಿದರೋ ದೇವರೇ ಬಲ್ಲ.

ಬೂದ ಒಂಟಿ ಕಿವಿಯಲ್ಲಿ ಮನೆ ಸೇರಿ, "ಅವ್ವಾ, ಯುದ್ಧ ನಿಲ್ಲಿಸಿ ಬಂದೆ" ಎಂದ.

ತಾಯಿ ಗಾಯ ನೆಕ್ಕುತ್ತ, "ದೇವರು ದೊಡ್ಡವನು, ಕಂದಾ. ಉಳಿದ ಕಿವಿಯನ್ನು ಇನ್ಯಾವ ಪೇಟೆಯ ಶಾಂತಿಗೂ ಕೊಡಬೇಡ" ಎಂದಳು.